ಅಮೆರಿಕದ ಅಧ್ಯಕ್ಷಾಧಿಕಾರ: ಸಿದ್ಧಾಂತಗಳೂ ಮೂಲಗಳೂ

1

ಕನ್ನಡದಲ್ಲಿ ‘ಅಧ್ಯಕ್ಷ’ ಎಂಬ ಒಂದೇ ಮಾತನ್ನು ನಾವು ಹಲವು ಬಗೆಯ ಪದವಿಗಳಿಗೆ ಬಳಸುತ್ತೇವೆ. ಸಂಘದ ವಾರ್ಷಿಕ ಸಭೆಯನ್ನು ನಡೆಸುವವರೂ ಅಧ್ಯಕ್ಷರೇ. ಸಾಹಿತ್ಯ ಸಮ್ಮೇಳನದ ಪೀಠವನ್ನು ಅಲಂಕರಿಸುವವರೂ ಅಧ್ಯಕ್ಷರೇ. ಮಹಾಸೇನೆಯೊಂದಕ್ಕೆ ಆಜ್ಞೆ ಮಾಡುವ ಅಮೆರಿಕದ ಸಂಯುಕ್ತ ಸಂಸ್ಥಾನಗಳ ಮುಖ್ಯಾಧಿಕಾರಿಯೂ ಅಧ್ಯಕ್ಷನೇ. ಇದನ್ನು ನಮ್ಮ ಭಾಷೆಯ ಬಡತನವೆಂದು ಭಾವಿಸಬೇಕಾಗಿಲ್ಲ. ಇಂಗ್ಲಿಷಿನ ‘ಪ್ರೆಸಿಡೆಂಟ್’ ಎಂಬ ಶಬ್ದಕ್ಕೂ ಮೂಲದಲ್ಲಿ ಮುಂದೆ ಕುಳಿತು ಸಭೆ ನಡೆಸುವವನು ಎಂಬುದೇ ಅರ್ಥ. ಈಗಿನ ರಾಜ್ಯಾಂಗ ಹುಟ್ಟುವ ಮೊದಲು ಅಮೆರಿಕದ ಒಕ್ಕೂಟದ ಕಾಂಗ್ರೆಸ್ಸಿಗೂ ಒಬ್ಬ ಪ್ರೆಸಿಡೆಂಟ್ ಇರುತ್ತಿದ್ದನು. ಸಭೆಯ ನಿರ್ವಹಣೆಯೂ ಪತ್ರವ್ಯವಹಾರವೂ ಆತನ ಮುಖ್ಯ ಕೆಲಸಗಳಾಗಿದ್ದವು. ಇಷ್ಟು ಸೌಮ್ಯವಾದ ಹೆಸರನ್ನು ಹೊತ್ತ ಪದವಿಯಲ್ಲಿ ಅಷ್ಟು ದೊಡ್ಡ ಅಧಿಕಾರ ಬಂದು ಸೇರಿದುದು ಹೇಗೆ?

ಈ ಪ್ರಶ್ನೆಗೆ ಅಮೆರಿಕದ ರಾಜಕಾರಣಿಗಳೂ ನ್ಯಾಯಮೂರ್ತಿಗಳೂ ಪಂಡಿತರೂ ಎರಡು ಶತಮಾನಗಳಿಗೂ ಮಿಕ್ಕಿ ಉತ್ತರ ಹುಡುಕುತ್ತ ಬಂದಿದ್ದಾರೆ. ಅಧಿಕಾರದ ಮೂಲ ರಾಜ್ಯಾಂಗದ ಅಕ್ಷರಗಳಲ್ಲಿದೆ ಎಂದವರುಂಟು. ಪ್ರಜೆಗಳ ವಿಶ್ವಾಸದಲ್ಲಿದೆ ಎಂದವರುಂಟು. ಆಪತ್ಕಾಲದ ಅಗತ್ಯದಲ್ಲಿದೆ ಎಂದವರುಂಟು. ಅಧ್ಯಕ್ಷನ ಸ್ವಂತ ಚಾತುರ್ಯದಲ್ಲಿದೆ ಎಂದವರೂ ಉಂಟು. ಇವುಗಳಲ್ಲಿ ಮುಖ್ಯವಾದ ಸಿದ್ಧಾಂತಗಳನ್ನು ಪರಿಶೀಲಿಸಿ ಅವುಗಳ ಬಲಾಬಲವನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ. ನಮ್ಮ ನಿಲುವನ್ನು ಮೊದಲೇ ಹೇಳಿಬಿಡುವುದು ಲೇಸು. ಈ ಸಿದ್ಧಾಂತಗಳಲ್ಲಿ ಹೆಚ್ಚಿನವು ಅಧ್ಯಕ್ಷನ ಕಡೆಗೇ ದೃಷ್ಟಿಯಿಟ್ಟು ಹುಟ್ಟಿದವು. ಆದರೆ ಆತನ ಅಧಿಕಾರ ಬೆಳೆದ ಬಗೆಯನ್ನು ಅರಿಯಬೇಕಾದರೆ ಆತನಿಗೆ ಎದುರಾಗಿ ನಿಲ್ಲಬೇಕಾಗಿದ್ದ ಕಾಂಗ್ರೆಸ್ಸಿನ ಕಡೆಗೆ ನೋಡಬೇಕು. ಅದು ಯಾವಾಗ ಮಾತನಾಡಿತು, ಯಾವಾಗ ಸುಮ್ಮನಿತ್ತು ಎಂಬುದೇ ಈ ವಿಷಯದ ತಿರುಳೆಂದು ನಮಗೆ ತೋರುತ್ತದೆ.

2

ರಾಜ್ಯಾಂಗದ ಪಠ್ಯದಿಂದಲೇ ಆರಂಭಿಸೋಣ. ಅದರ ಮೊದಲನೆಯ ವಿಧಿ ಕಾಂಗ್ರೆಸ್ಸನ್ನೂ ಎರಡನೆಯ ವಿಧಿ ಅಧ್ಯಕ್ಷನನ್ನೂ ಕುರಿತದ್ದು. ಗಾತ್ರದಲ್ಲಿ ಮೊದಲನೆಯದು ಎರಡನೆಯದಕ್ಕಿಂತ ಇಮ್ಮಡಿಗೂ ಮಿಗಿಲು. ತೆರಿಗೆ, ಸಾಲ, ವಾಣಿಜ್ಯ, ನಾಣ್ಯ, ಅಂಚೆ, ಸೇನೆಯ ಪೋಷಣೆ, ಯುದ್ಧಘೋಷಣೆ ಇವೆಲ್ಲ ಕಾಂಗ್ರೆಸ್ಸಿಗೆ ಸೇರಿದವು. ಅಧ್ಯಕ್ಷನಿಗೆ ಕೊಟ್ಟುದರ ಪಟ್ಟಿ ಚಿಕ್ಕದು: ಸೇನೆಯ ದಂಡನಾಯಕತ್ವ, ಕ್ಷಮಾದಾನ, ಸೆನೇಟಿನ ಸಮ್ಮತಿಯೊಡನೆ ಒಪ್ಪಂದ ಮತ್ತು ನೇಮಕ, ವಿದೇಶದ ರಾಯಭಾರಿಗಳ ಸ್ವಾಗತ, ಕಾನೂನುಗಳು ನಿಷ್ಠೆಯಿಂದ ಜಾರಿಗೆ ಬರುವಂತೆ ನೋಡಿಕೊಳ್ಳುವ ಹೊಣೆ. ಮಸೂದೆಗಳನ್ನು ತಿರಸ್ಕರಿಸುವ ವೀಟೋ ಅಧಿಕಾರವನ್ನು ಸಹ ಕಾಂಗ್ರೆಸ್ಸಿನ ವಿಧಿಯಲ್ಲಿಯೇ ಸೇರಿಸಿದ್ದಾರೆ.

ಆದರೂ ಪಠ್ಯದಲ್ಲಿ ಒಂದು ಸೂಕ್ಷ್ಮವಿದೆ. ಮೊದಲನೆಯ ವಿಧಿ ಕಾಂಗ್ರೆಸ್ಸಿಗೆ ಕೊಡುವುದು ‘ಇಲ್ಲಿ ನೀಡಲಾಗಿರುವ’ ಶಾಸನಾಧಿಕಾರಗಳನ್ನು ಮಾತ್ರ. ಎರಡನೆಯ ವಿಧಿಯಾದರೋ ಅಂತಹ ಮಿತಿಯ ಮಾತಿಲ್ಲದೆ ಕಾರ್ಯಾಂಗದ ಅಧಿಕಾರವೇ ಅಧ್ಯಕ್ಷನಲ್ಲಿ ನೆಲೆಸತಕ್ಕದ್ದೆಂದು ಹೇಳಿಬಿಡುತ್ತದೆ. ಈ ಬಿಡುವಿನೊಳಗೆ ಮೊದಲು ಕಾಲಿಟ್ಟವನು ಅಲೆಗ್ಸಾಂಡರ್ ಹ್ಯಾಮಿಲ್ಟನ್. 1793ರಲ್ಲಿ ಬ್ರಿಟನ್-ಫ್ರಾನ್ಸ್ ಯುದ್ಧದ ಸಂದರ್ಭದಲ್ಲಿ ಅಧ್ಯಕ್ಷ ವಾಷಿಂಗ್ಟನ್ನನು ತಾಟಸ್ಥ್ಯವನ್ನು ಘೋಷಿಸಿದಾಗ, ಹ್ಯಾಮಿಲ್ಟನ್ನನು ‘ಪ್ಯಾಸಿಫಿಕಸ್’ ಎಂಬ ಅಂಕಿತದಲ್ಲಿ ಅದನ್ನು ಸಮರ್ಥಿಸುತ್ತ, ರಾಜ್ಯಾಂಗದ ಪಟ್ಟಿ ಉದಾಹರಣೆಯೇ ಹೊರತು ಎಲ್ಲೆಯಲ್ಲವೆಂದು ವಾದಿಸಿದನು. ‘ಹೆಲ್ವಿಡಿಯಸ್’ ಎಂಬ ಅಂಕಿತದಲ್ಲಿ ಪ್ರತ್ಯುತ್ತರ ಕೊಟ್ಟ ಮ್ಯಾಡಿಸನ್ನನು ಇದು ಬ್ರಿಟಿಷ್ ದೊರೆಯ ರಾಜಾಧಿಕಾರದ ನೆರಳೆಂದು ಖಂಡಿಸಿದನು. ಐದು ವರ್ಷಗಳ ಹಿಂದೆ ಇವರಿಬ್ಬರೂ ‘ಫೆಡರಲಿಸ್ಟ್’ ಲೇಖನಮಾಲೆಯಲ್ಲಿ ಒಂದೇ ಅಂಕಿತದ ಕೆಳಗೆ ಇದೇ ರಾಜ್ಯಾಂಗವನ್ನು ಸಮರ್ಥಿಸಿದವರು. ಬರೆದವರಿಗೇ ಒಂದೇ ಅರ್ಥವನ್ನು ಕೊಡದಿದ್ದ ಪಠ್ಯ ಮುಂದಿನವರಿಗೆ ಕೊಡುವುದೆಂದು ನಿರೀಕ್ಷಿಸಲಾಗದು.

ಹಾಗಾದರೆ ಕರ್ತೃಗಳ ಉದ್ದೇಶವೇನಿತ್ತು? 1787ರ ಜೂನ್ 1ರಂದು ಫಿಲಡೆಲ್ಫಿಯದ ಸಭೆಯಲ್ಲಿ ಜೇಮ್ಸ್ ವಿಲ್ಸನ್ನನು ಕಾರ್ಯಾಂಗ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲೆಂದು ಸೂಚಿಸಿದನು. ಆಗ ಸಭೆಯಲ್ಲಿ ಬಹಳ ಹೊತ್ತು ಯಾರೂ ಬಾಯಿ ತೆರೆಯಲಿಲ್ಲವೆಂದು ಮ್ಯಾಡಿಸನ್ನನು ತನ್ನ ಟಿಪ್ಪಣಿಗಳಲ್ಲಿ ದಾಖಲಿಸಿದ್ದಾನೆ. ಮತಕ್ಕೆ ಹಾಕಲೇ ಎಂದು ಸಭಾಪತಿ ಕೇಳಿದಾಗ ವೃದ್ಧನಾದ ಫ್ರಾಂಕ್ಲಿನ್ನನು, ಇದು ಮಹತ್ವದ ವಿಷಯ, ಸದಸ್ಯರು ತಮ್ಮ ಅಭಿಪ್ರಾಯ ಹೇಳಿದ ಮೇಲೆ ಮತಕ್ಕೆ ಹಾಕಬೇಕೆಂದು ಬೇಡಿಕೊಂಡನು. ಆ ಬಳಿಕ ಎಡ್ಮಂಡ್ ರ‍್ಯಾಂಡಾಲ್ಫನು ಏಕವ್ಯಕ್ತಿಯ ಕಾರ್ಯಾಂಗದಲ್ಲಿ ರಾಜತ್ವದ ಭ್ರೂಣವನ್ನು ಕಂಡನು. ಸದಸ್ಯರ ಸಂಕೋಚಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಆ ಪದವಿಗೆ ಮೊದಲು ಬರುವವನೆಂದು ಎಲ್ಲರೂ ನಂಬಿದ್ದ ವಾಷಿಂಗ್ಟನ್ನನು ಅದೇ ಸಭೆಯ ಸದಸ್ಯನಾಗಿದ್ದನು. ಹಲವು ಸದಸ್ಯರು ಆತನ ಮೇಲೆ ಕಣ್ಣಿಟ್ಟು ಅಧ್ಯಕ್ಷನ ಅಧಿಕಾರಗಳನ್ನು ಅಳೆದರೆಂದು ಪಿಯರ್ಸ್ ಬಟ್ಲರನು ಮರುವರ್ಷ ಒಂದು ಪತ್ರದಲ್ಲಿ ಒಪ್ಪಿಕೊಂಡಿದ್ದಾನೆ. ಒಬ್ಬ ಸಜ್ಜನನ ಅಳತೆಗೆ ಹೊಲಿದ ಅಂಗಿಯನ್ನು ಮುಂದೆ ಬರುವವರೆಲ್ಲರೂ ತೊಡಬೇಕಾಯಿತು.

3

ಪಠ್ಯ ಸಂದಿಗ್ಧವಾಗಿದ್ದುದರಿಂದ ಸಿದ್ಧಾಂತಗಳು ಹುಟ್ಟಿದವು. ಇವುಗಳಲ್ಲಿ ಮೂರನ್ನು ಪ್ರಾಚೀನವೆನ್ನಬಹುದು. ಸೌಕರ್ಯಕ್ಕಾಗಿ ಅವುಗಳನ್ನು ಆಪದ್ಧರ್ಮ ವಾದ, ಪಾರುಪತ್ಯ ವಾದ, ಅಕ್ಷರ ವಾದ ಎಂದು ಕರೆಯೋಣ.

ಆಪದ್ಧರ್ಮ ವಾದದ ತಾತ್ತ್ವಿಕ ಮೂಲ ಜಾನ್ ಲಾಕನ ರಾಜ್ಯಶಾಸ್ತ್ರದಲ್ಲಿದೆ. ಲೋಕಹಿತಕ್ಕಾಗಿ ಕಾನೂನಿನ ಆಧಾರವಿಲ್ಲದೆಯೂ, ಕೆಲವೊಮ್ಮೆ ಕಾನೂನಿಗೆ ವಿರುದ್ಧವಾಗಿಯೂ ನಡೆಯುವ ವಿಶೇಷಾಧಿಕಾರವನ್ನು ಆತನು ಕಾರ್ಯಾಂಗಕ್ಕೆ ಒಪ್ಪಿಸಿದ್ದನು. ಅದಕ್ಕೆ ಅಮೆರಿಕದಲ್ಲಿ ರೂಪಕೊಟ್ಟವನು ಲಿಂಕನ್. 1861ರ ಏಪ್ರಿಲ್ 12ರಂದು ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿತು. ಮೂರು ದಿನಗಳಲ್ಲಿ ಲಿಂಕನ್ನನು 75,000 ಜನರ ಸೇನೆಯನ್ನು ಕರೆದನು. ಅದೇ ತಿಂಗಳು ಬಂಧಿತರನ್ನು ನ್ಯಾಯಾಲಯದ ಮುಂದೆ ತರಿಸುವ ಹೇಬಿಯಸ್ ಕಾರ್ಪಸ್ ಹಕ್ಕನ್ನು ವಾಷಿಂಗ್ಟನ್ ಮತ್ತು ಫಿಲಡೆಲ್ಫಿಯ ನಡುವಣ ಮಾರ್ಗದಲ್ಲಿ ಅಮಾನತ್ತಿನಲ್ಲಿಟ್ಟನು. ಕಾಂಗ್ರೆಸ್ಸಿನ ಅಧಿವೇಶನವನ್ನು ಕರೆದುದು ಜುಲೈ 4ಕ್ಕೆ. ಸೇನೆಯನ್ನು ಕರೆದ ದಿನದಿಂದ ಲೆಕ್ಕ ಹಾಕಿದರೆ 80 ದಿನಗಳ ಕಾಲ ಅಧ್ಯಕ್ಷನೊಬ್ಬನೇ ಸರ್ಕಾರವಾಗಿದ್ದನು. 1864ರಲ್ಲಿ ಬರೆದ ಪತ್ರವೊಂದರಲ್ಲಿ ಆತನು ಕೊಟ್ಟ ಸಮಾಧಾನ ಪ್ರಸಿದ್ಧವಾದುದು: ಪ್ರಾಣವನ್ನು ಉಳಿಸಲು ಅಂಗವನ್ನು ಕತ್ತರಿಸಬಹುದು, ಅಂಗವನ್ನು ಉಳಿಸಲು ಪ್ರಾಣವನ್ನು ಕೊಡುವುದು ವಿವೇಕವಲ್ಲ ಎಂಬುದು ಅದರ ಭಾವ.

ಈ ವಾದವನ್ನು ಮುಂದಿನ ಅಧ್ಯಕ್ಷರನೇಕರು ತಮ್ಮದನ್ನಾಗಿ ಮಾಡಿಕೊಂಡರು. ಆದರೆ ಅವರು ಬಿಟ್ಟುಬಿಟ್ಟ ಅರ್ಧಭಾಗವೊಂದುಂಟು. ಜುಲೈ ನಾಲ್ಕರ ಸಂದೇಶದಲ್ಲಿ ಲಿಂಕನ್ನನು ತಾನು ಮಾಡಿದುದನ್ನು ಕಾಂಗ್ರೆಸ್ಸಿನ ಮುಂದಿಟ್ಟು, ಅದು ಅನುಮೋದಿಸುವುದೆಂಬ ಭರವಸೆಯಿಂದ ನಡೆದುಕೊಂಡೆನೆಂದು ಹೇಳಿದನು. ಆಗಸ್ಟಿನಲ್ಲಿ ಕಾಂಗ್ರೆಸ್ಸು ಆತನ ಸೇನಾಸಂಬಂಧವಾದ ಕ್ರಮಗಳನ್ನು ಶಾಸನದ ಮೂಲಕ ಒಪ್ಪಿಕೊಂಡಿತು. ಹೇಬಿಯಸ್ ಕಾರ್ಪಸ್ಸಿನ ವಿಷಯದಲ್ಲಿ 1863ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಿತು. ನಮ್ಮ ಧರ್ಮಶಾಸ್ತ್ರಗಳ ಆಪದ್ಧರ್ಮದ ಕಲ್ಪನೆಯಲ್ಲಿ ಆಪತ್ತು ಕಳೆದ ಬಳಿಕ ಸ್ವಧರ್ಮಕ್ಕೆ ಮರಳುವುದೂ ಅಡಕವಾಗಿದೆ. ಲಿಂಕನ್ನನಲ್ಲಿ ಆ ಅಂಶವಿತ್ತು. ಲೆಕ್ಕ ಒಪ್ಪಿಸುವ ಈ ಭಾಗವನ್ನು ಕಳೆದರೆ ಉಳಿಯುವುದು ಆಪದ್ಧರ್ಮವಲ್ಲ, ಬರಿಯ ಆಪತ್ತು.

ಪಾರುಪತ್ಯ ವಾದ ಥಿಯೊಡೋರ್ ರೂಸ್ವೆಲ್ಟನದು. 1913ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಆತನು ಅಧ್ಯಕ್ಷನನ್ನು ಜನತೆಯ ಪಾರುಪತ್ಯಗಾರನೆಂದು ಬಣ್ಣಿಸಿದನು. ರಾಜ್ಯಾಂಗವಾಗಲಿ ಕಾನೂನಾಗಲಿ ನಿಷೇಧಿಸದ ಯಾವ ಕೆಲಸವನ್ನಾದರೂ ರಾಷ್ಟ್ರದ ಹಿತಕ್ಕಾಗಿ ಮಾಡುವುದು ಅವನ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದೆಂಬುದು ಈ ಮತ. 1902ರ ಕಲ್ಲಿದ್ದಲು ಗಣಿಗಳ ಮುಷ್ಕರದಲ್ಲಿ ಮಾತುಕತೆ ಮುರಿದರೆ ಸೇನೆಯಿಂದ ಗಣಿಗಳನ್ನು ನಡೆಸಲು ಆತನು ಸಿದ್ಧನಾಗಿದ್ದನು. ಇದಕ್ಕೆ ಪ್ರತಿಯಾಗಿ ಆತನ ಉತ್ತರಾಧಿಕಾರಿಯಾದ ವಿಲಿಯಂ ಹವರ್ಡ್ ಟಾಫ್ಟನು 1916ರಲ್ಲಿ ಹೊರತಂದ ಉಪನ್ಯಾಸಗ್ರಂಥದಲ್ಲಿ ಅಕ್ಷರ ವಾದವನ್ನು ಪ್ರತಿಪಾದಿಸಿದನು. ರಾಜ್ಯಾಂಗದ ಅಥವಾ ಶಾಸನದ ನಿರ್ದಿಷ್ಟವಾದ ಮಾತಿಗೆ ಕೊಂಡಿ ತೋರಿಸಲಾಗದ ಯಾವ ಅಧಿಕಾರವೂ ಅಧ್ಯಕ್ಷನಿಗಿಲ್ಲ. ಜನಹಿತವೆಂಬ ಕಾರಣದಿಂದಲೇ ಅಧಿಕಾರ ಹುಟ್ಟುವುದಿಲ್ಲ ಎಂಬುದು ಅದರ ಸಾರ.

ಪಠ್ಯಪುಸ್ತಕಗಳಲ್ಲಿ ಈ ಇಬ್ಬರನ್ನು ಎರಡು ಧ್ರುವಗಳಂತೆ ನಿಲ್ಲಿಸುವುದು ವಾಡಿಕೆ. ಆದರೆ ಟಾಫ್ಟನ ನಡೆ ಆತನ ನುಡಿಯನ್ನು ಅನುಸರಿಸಲಿಲ್ಲ. 1909ರ ಸೆಪ್ಟೆಂಬರಿನಲ್ಲಿ, ತಾನು ಅಧ್ಯಕ್ಷನಾಗಿದ್ದಾಗ, ಕ್ಯಾಲಿಫೋರ್ನಿಯ ಹಾಗೂ ವಯೋಮಿಂಗ್ ರಾಜ್ಯಗಳಲ್ಲಿ 30 ಲಕ್ಷಕ್ಕೂ ಹೆಚ್ಚು ಎಕರೆ ತೈಲಭೂಮಿಯನ್ನು ಶಾಸನದ ಆಧಾರವಿಲ್ಲದೆಯೇ ಖಾಸಗಿಯವರಿಗೆ ಸಿಗದಂತೆ ಹಿಂತೆಗೆದುಕೊಂಡನು. ಮತ್ತೆ 1926ರಲ್ಲಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ, ಆರಿಗನ್ನಿನ ಒಬ್ಬ ಪೋಸ್ಟ್‌ಮಾಸ್ಟರನ ವಜಾ ಪ್ರಕರಣದಲ್ಲಿ, ತಾನು ನೇಮಿಸಿದ ಕಾರ್ಯಾಂಗದ ಅಧಿಕಾರಿಯನ್ನು ತೆಗೆದುಹಾಕಲು ಅಧ್ಯಕ್ಷನಿಗೆ ಸೆನೇಟಿನ ಸಮ್ಮತಿ ಬೇಕಿಲ್ಲವೆಂದು ತೀರ್ಪಿತ್ತನು. ರಾಜ್ಯಾಂಗದಲ್ಲಿ ವಜಾ ಮಾಡುವ ಅಧಿಕಾರದ ಪ್ರಸ್ತಾಪವೇ ಇಲ್ಲ. ಅಕ್ಷರವಾದಿಗೆ ಅಕ್ಷರವೇ ಇಲ್ಲದ ಕಡೆ ಅಧಿಕಾರ ಕಾಣಿಸಿತು. ಇದನ್ನು ಟಾಫ್ಟನೊಬ್ಬನ ಅಸಂಗತಿಯೆಂದು ನಗಬೇಕಾಗಿಲ್ಲ. ಸಿದ್ಧಾಂತಗಳು ಹಲವೊಮ್ಮೆ ಕುರ್ಚಿಯನ್ನು ನೋಡಿ ಹುಟ್ಟುತ್ತವೆ; ಕುರ್ಚಿ ಬದಲಾದರೆ ಸಿದ್ಧಾಂತವೂ ಬದಲಾಗುತ್ತದೆ.

4

ಟಾಫ್ಟನ ತೈಲಭೂಮಿಯ ಪ್ರಕರಣ 1915ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ‘ಮಿಡ್‌ವೆಸ್ಟ್ ಆಯಿಲ್’ ಎಂದು ಹೆಸರಾದ ಈ ತೀರ್ಪಿಗೆ ಸಾಮಾನ್ಯ ಗ್ರಂಥಗಳಲ್ಲಿ ಸಿಗಬೇಕಾದ ಸ್ಥಾನ ಸಿಕ್ಕಿಲ್ಲವೆಂಬುದು ನಮ್ಮ ಅಭಿಪ್ರಾಯ. ನ್ಯಾಯಾಲಯ ಅಧ್ಯಕ್ಷನ ಪರವಾಗಿ ತೀರ್ಪು ಕೊಟ್ಟಿತು. ಆದರೆ ಅದು ನೆಚ್ಚಿದುದು ಎರಡನೆಯ ವಿಧಿಯನ್ನಲ್ಲ. ಹಿಂದಿನ ಅಧ್ಯಕ್ಷರು ಶಾಸನದ ಆಧಾರವಿಲ್ಲದೆ ಇಂತಹ ಆಜ್ಞೆಗಳನ್ನು ಎಷ್ಟು ಸಲ ಹೊರಡಿಸಿದ್ದರೆಂದು ಅದು ಲೆಕ್ಕಹಾಕಿತು: ಮೂಲನಿವಾಸಿಗಳ ಮೀಸಲು ಪ್ರದೇಶಗಳಿಗಾಗಿ 99, ಸೇನೆಗಾಗಿ 109, ಪಕ್ಷಿಧಾಮಗಳಿಗಾಗಿ 44, ಒಟ್ಟು 252. ಇಷ್ಟು ಸಲ ನಡೆದರೂ ಕಾಂಗ್ರೆಸ್ಸು ಒಮ್ಮೆಯೂ ಆಕ್ಷೇಪಿಸಲಿಲ್ಲ. ಆದುದರಿಂದ ಅದು ಸಮ್ಮತಿಸಿದಂತೆಯೇ ಎಂದು ನ್ಯಾಯಾಲಯ ತೀರ್ಮಾನಿಸಿತು. ‘ಮೌನಂ ಸಮ್ಮತಿ ಲಕ್ಷಣಂ’ ಎಂದು ನಮ್ಮಲ್ಲಿ ಮದುವೆಯ ಮಾತುಕತೆಯಲ್ಲಿ ಹೇಳುವುದುಂಟು. ಅಮೆರಿಕದಲ್ಲಿ ಅದೇ ರಾಜ್ಯಾಂಗದ ಒಂದು ಸೂತ್ರವಾಯಿತು. ಹೊಲದ ಒಡೆಯ ತಡೆಯದಿದ್ದರೆ ನಡೆದವರ ಕಾಲುದಾರಿ ಕೆಲವು ವರ್ಷಗಳಲ್ಲಿ ಹಾದಿಯ ಹಕ್ಕಾಗುವಂತೆ, ತಡೆಯದ ಕಾಂಗ್ರೆಸ್ಸಿನ ಹೊಲದಲ್ಲಿ ಅಧ್ಯಕ್ಷನ ಹಾದಿ ಬಿದ್ದಿತು.

ಈ ಸೂತ್ರಕ್ಕೆ ಶಾಸ್ತ್ರದ ರೂಪ ದೊರೆತುದು 1952ರಲ್ಲಿ. ಕೊರಿಯಾ ಯುದ್ಧ ನಡೆಯುತ್ತಿದ್ದಾಗ ಉಕ್ಕಿನ ಕಾರ್ಖಾನೆಗಳ ಕೆಲಸಗಾರರು ಮುಷ್ಕರ ಹೂಡುವ ಸ್ಥಿತಿ ಒದಗಿತು. ಏಪ್ರಿಲ್ 8ರಂದು ಅಧ್ಯಕ್ಷ ಟ್ರೂಮನ್ನನು ಕಾರ್ಖಾನೆಗಳನ್ನು ವಶಪಡಿಸಿಕೊಳ್ಳುವಂತೆ ಆಜ್ಞಾಪಿಸಿದನು. ಜೂನ್ 2ರಂದು ಸುಪ್ರೀಂ ಕೋರ್ಟು 6-3ರ ಬಹುಮತದಿಂದ ಆ ಆಜ್ಞೆಯನ್ನು ರದ್ದುಮಾಡಿತು. ನ್ಯಾಯಮೂರ್ತಿ ಬ್ಲ್ಯಾಕ್ ಅವರು ಬರೆದ ಮುಖ್ಯ ತೀರ್ಪು ಅಕ್ಷರ ವಾದಕ್ಕೆ ಸಮೀಪವಾದುದು. ಆದರೆ ಕಾಲದಲ್ಲಿ ಉಳಿದುದು ನ್ಯಾಯಮೂರ್ತಿ ರಾಬರ್ಟ್ ಜಾಕ್ಸನ್ನರ ಪ್ರತ್ಯೇಕ ಸಹಮತದ ತೀರ್ಪು.

ಜಾಕ್ಸನ್ನರು ಅಧ್ಯಕ್ಷನ ಅಧಿಕಾರವನ್ನು ಸ್ಥಿರವಾದ ಆಸ್ತಿಯೆಂದು ತಿಳಿಯದೆ, ಕಾಂಗ್ರೆಸ್ಸಿನೊಡನೆ ಆತನಿಗಿರುವ ಸಂಬಂಧದಂತೆ ಏರಿಳಿಯುವ ವಸ್ತುವೆಂದು ತಿಳಿದರು. ಕಾಂಗ್ರೆಸ್ಸಿನ ಸಮ್ಮತಿಯಿಂದ ನಡೆದಾಗ ಆತನ ಅಧಿಕಾರ ಪರಮಾವಧಿಯಲ್ಲಿರುತ್ತದೆ. ಕಾಂಗ್ರೆಸ್ಸಿನ ಇಚ್ಛೆಗೆ ವಿರುದ್ಧವಾಗಿ ನಡೆದಾಗ ತೀರ ತಗ್ಗುತ್ತದೆ. ಕಾಂಗ್ರೆಸ್ಸು ಏನನ್ನೂ ಹೇಳದಿದ್ದಾಗ ಎರಡರ ಅಧಿಕಾರಗಳೂ ಬೆರೆಯುವ ಮುಸ್ಸಂಜೆಯ ವಲಯವೊಂದು ಏರ್ಪಡುತ್ತದೆ. ಟ್ರೂಮನ್ನನ ಆಜ್ಞೆ ಎರಡನೆಯ ವರ್ಗಕ್ಕೆ ಸೇರಿತು. ಏಕೆಂದರೆ 1947ರಲ್ಲಿ ಕಾರ್ಮಿಕ ಕಾನೂನನ್ನು ಮಾಡುವಾಗ ಕಾಂಗ್ರೆಸ್ಸು ಕಾರ್ಖಾನೆಗಳ ವಶಪಡಿಕೆಯ ಸೂಚನೆಯನ್ನು ಚರ್ಚಿಸಿ ಕೈಬಿಟ್ಟಿತ್ತು. ಹಿಂದೊಮ್ಮೆ ನುಡಿದಿದ್ದ ಒಂದು ಮಾತು ಐದು ವರ್ಷಗಳ ಮೇಲೆ ಅಧ್ಯಕ್ಷನ ಕೈಯನ್ನು ತಡೆಯಿತು.

ಇದೇ ಜಾಕ್ಸನ್ನರು 1940ರಲ್ಲಿ ಎರಡನೆಯ ರೂಸ್ವೆಲ್ಟನ ಅಟಾರ್ನಿ ಜನರಲ್ ಆಗಿ, ಕಾಂಗ್ರೆಸ್ಸನ್ನು ಕೇಳದೆ ಬ್ರಿಟನ್ನಿಗೆ 50 ಯುದ್ಧನೌಕೆಗಳನ್ನು ಕೊಡಬಹುದೆಂದು ಅಭಿಪ್ರಾಯವಿತ್ತವರು. ಕುರ್ಚಿಯ ಮಾತು ಅವರಿಗೂ ಅನ್ವಯಿಸುತ್ತದೆ. ಆದರೆ ಟಾಫ್ಟನಿಗೂ ಅವರಿಗೂ ಒಂದು ಅಂತರವಿದೆ. ಅಧ್ಯಕ್ಷನ ಸಲಹೆಗಾರನಾಗಿ ತಾನು ಹೇಳಿದುದು ನ್ಯಾಯಮೂರ್ತಿಯಾದ ತನ್ನನ್ನು ಕಟ್ಟಿಹಾಕುವುದಿಲ್ಲವೆಂದು ಅವರು ತೀರ್ಪಿನಲ್ಲಿಯೇ ಬಹಿರಂಗವಾಗಿ ಸೂಚಿಸಿದರು.

ಅವರ ಮೂರು ವರ್ಗಗಳಲ್ಲಿಯೂ ಒಂದು ಕೊರತೆಯುಂಟು. ಕಾಂಗ್ರೆಸ್ಸಿನ ಸಮ್ಮತಿ ಅಧಿಕಾರವನ್ನು ಬಲಪಡಿಸಬಲ್ಲದು; ನ್ಯಾಯವನ್ನಾಗಿ ಮಾಡಲಾರದು. 1942ರ ಫೆಬ್ರವರಿಯಲ್ಲಿ ಎರಡನೆಯ ರೂಸ್ವೆಲ್ಟನು ಹೊರಡಿಸಿದ ಆಜ್ಞೆಯಿಂದ ಜಪಾನೀ ಮೂಲದ ಸುಮಾರು 1,20,000 ಜನ ಮನೆಮಠಗಳನ್ನು ಬಿಟ್ಟು ಶಿಬಿರಗಳಿಗೆ ಹೋಗಬೇಕಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪ್ರಜೆಗಳೇ. ಮರುತಿಂಗಳೇ ಕಾಂಗ್ರೆಸ್ಸು ಆ ಆಜ್ಞೆಗೆ ಶಾಸನದ ಬೆಂಬಲವಿತ್ತಿತು. ಮೌನವನ್ನು ದೂಷಿಸುವ ನಾವು, ಮಾತೆಲ್ಲವೂ ಒಳ್ಳೆಯ ಮಾತೆಂದು ಭ್ರಮಿಸತಕ್ಕದ್ದಲ್ಲ.

5

ಈವರೆಗೆ ಹೇಳಿದುದೆಲ್ಲ ವಕೀಲರ ದೃಷ್ಟಿ. 1960ರಲ್ಲಿ ಪ್ರಕಟವಾದ ರಿಚರ್ಡ್ ನ್ಯೂಸ್ಟಾಟರ ‘ಪ್ರೆಸಿಡೆನ್ಷಿಯಲ್ ಪವರ್’ ಎಂಬ ಗ್ರಂಥ ಈ ದೃಷ್ಟಿಯನ್ನೇ ಪಕ್ಕಕ್ಕೆ ಸರಿಸಿತು. ಟ್ರೂಮನ್ನನ ಕಾಲದಲ್ಲಿ ಶ್ವೇತಭವನದಲ್ಲಿ ಕೆಲಸ ಮಾಡಿ ಅನುಭವ ಪಡೆದಿದ್ದ ಈ ಗ್ರಂಥಕರ್ತರು, ರಾಜ್ಯಾಂಗ ಕೊಟ್ಟ ಅಧಿಕಾರಗಳ ಪಟ್ಟಿ ಬೇರೆ, ಅಧ್ಯಕ್ಷನ ನಿಜವಾದ ಪ್ರಭಾವ ಬೇರೆ ಎಂದು ತೋರಿಸಿಕೊಟ್ಟರು. ಅವರ ಮತದಂತೆ ಅಧ್ಯಕ್ಷನ ಬಲವೆಂದರೆ ಮನವೊಲಿಸುವ ಬಲ. ಅದಕ್ಕೆ ಮೂಲಗಳು ಮೂರು: ಪದವಿಯಿಂದ ದೊರೆಯುವ ಕೊಡುಕೊಳ್ಳುವಿಕೆಯ ಅನುಕೂಲಗಳು, ಈತ ಹಿಡಿದ ಕೆಲಸವನ್ನು ಬಿಡುವವನಲ್ಲವೆಂದು ರಾಜಧಾನಿಯ ರಾಜಕಾರಣಿಗಳಲ್ಲಿರುವ ಹೆಸರು, ಸಾಮಾನ್ಯ ಜನರಲ್ಲಿರುವ ಗೌರವ.

ಈ ಗ್ರಂಥದ ಸೊಗಸಿರುವುದು ಅದರ ನಿದರ್ಶನಗಳಲ್ಲಿ. 1951ರಲ್ಲಿ ಜನರಲ್ ಮೆಕಾರ್ಥರನ ವಜಾ, 1952ರ ಉಕ್ಕಿನ ಕಾರ್ಖಾನೆಗಳ ವಶಪಡಿಕೆ, 1957ರಲ್ಲಿ ಕರಿಯ ಮಕ್ಕಳ ಶಾಲಾಪ್ರವೇಶಕ್ಕಾಗಿ ಲಿಟ್ಲ್ ರಾಕ್ ನಗರಕ್ಕೆ ಐಸೆನ್‌ಹೋವರನು ಸೇನೆಯನ್ನು ಕಳುಹಿಸಿದುದು, ಈ ಮೂರನ್ನು ಅವರು ಆರಿಸಿಕೊಂಡರು. ಮೂರೂ ಆಜ್ಞೆಗಳೇ. ಆದರೆ ಆಜ್ಞೆ ಮಾಡಬೇಕಾಗಿ ಬಂದುದೇ ಅದಕ್ಕೆ ಮೊದಲು ಬೇರೆ ಉಪಾಯಗಳೆಲ್ಲ ಸೋತುವೆಂಬುದಕ್ಕೆ ಸಾಕ್ಷಿಯೆಂದು ಅವರು ವಾದಿಸಿದರು. ಸಂಘಸಂಸ್ಥೆಗಳನ್ನು ನಡೆಸಿ ಬಲ್ಲ ನಮ್ಮ ಓದುಗರಿಗೆ ಇದರ ಸತ್ಯವನ್ನು ವಿವರಿಸಬೇಕಾಗಿಲ್ಲ. ನಿಬಂಧನೆಗಳ ಪುಸ್ತಕವನ್ನು ತೆರೆದು ಓದಬೇಕಾದ ದಿನ ಅಧ್ಯಕ್ಷರು ಅರ್ಧ ಸೋತಿರುತ್ತಾರೆ.

ಆದರೂ ಈ ಪ್ರಸಿದ್ಧ ಗ್ರಂಥದ ಬಗ್ಗೆ ಎರಡು ಆಕ್ಷೇಪಗಳನ್ನು ಹೇಳಲೇಬೇಕು. ಮೊದಲನೆಯದಾಗಿ, ಅಧ್ಯಕ್ಷನು ಬಲವನ್ನು ಗಳಿಸುವುದು ಹೇಗೆಂದು ಇದು ಕಲಿಸುತ್ತದೆ. ಗಳಿಸಿದ ಬಲ ಎಲ್ಲಿ ನಿಲ್ಲಬೇಕೆಂದು ಹೇಳುವುದಿಲ್ಲ. ಅಧ್ಯಕ್ಷ ಬಲಿಷ್ಠನಾದರೆ ರಾಷ್ಟ್ರಕ್ಕೆ ಹಿತವೆಂಬ ನಂಬಿಕೆ ಪುಟಪುಟದಲ್ಲಿಯೂ ಇದೆ. ವಿಯೆಟ್ನಾಮ್ ಮತ್ತು ವಾಟರ್‌ಗೇಟ್ ಪ್ರಕರಣಗಳಾದ ಮೇಲೆ ಆ ನಂಬಿಕೆ ಮೊದಲಿನಂತೆ ನಿಲ್ಲಲಿಲ್ಲ. ಗ್ರಂಥಕರ್ತರೇ ಮುಂದಿನ ಆವೃತ್ತಿಗಳಿಗೆ ಹೊಸ ಅಧ್ಯಾಯಗಳನ್ನು ಸೇರಿಸಬೇಕಾಯಿತು. ಎರಡನೆಯದಾಗಿ, ಮನವೊಲಿಸುವ ಅಗತ್ಯವಿರುವುದು ಎದುರಿಗಿರುವವರು ಒಲ್ಲೆನೆನ್ನಲು ಸಿದ್ಧರಾಗಿರುವಷ್ಟು ಕಾಲ ಮಾತ್ರ. ಅವರು ತಾವಾಗಿಯೇ ಹಿಂದೆ ಸರಿದರೆ ಮನವೊಲಿಕೆಗೆ ಕೆಲಸವಿಲ್ಲ. 2003ರಲ್ಲಿ ವಿಲಿಯಂ ಹೊವೆಲ್ ಎಂಬ ವಿದ್ವಾಂಸರು ತಮ್ಮ ಗ್ರಂಥಕ್ಕೆ ‘ಪವರ್ ವಿದೌಟ್ ಪರ್ಸುಯೇಷನ್’ ಎಂದು ಹೆಸರಿಟ್ಟು, ಮನವೊಲಿಕೆಯಿಲ್ಲದೆಯೇ ನಡೆಯುವ ಅಧಿಕಾರವನ್ನು ನಿರೂಪಿಸಿದರು. ಕಾಂಗ್ರೆಸ್ಸು ಪ್ರತಿಕ್ರಿಯಿಸಲಾರದೆಂದು ತಿಳಿದ ಕಡೆ ಅಧ್ಯಕ್ಷನು ಆಜ್ಞೆಯಿಂದಲೇ ಮೊದಲ ಹೆಜ್ಜೆಯಿಡುತ್ತಾನೆ. ಹಿಂದೆಗೆಸುವ ಭಾರ ಇತರರ ಮೇಲೆ ಬೀಳುತ್ತದೆ.

6

ಯುದ್ಧದ ವಿಷಯದಲ್ಲಿ ಇದು ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಕಾಂಗ್ರೆಸ್ಸು ವಿಧಿಪೂರ್ವಕವಾಗಿ ಯುದ್ಧ ಘೋಷಿಸಿದುದು ಕೊನೆಯ ಬಾರಿಗೆ 1942ರಲ್ಲಿ. ಆಮೇಲೆ ಕೊರಿಯಾ, ವಿಯೆಟ್ನಾಮ್, ಇರಾಕ್, ಆಫ್ಘಾನಿಸ್ತಾನಗಳಲ್ಲಿ ಘೋಷಣೆಯಿಲ್ಲದೆ ಯುದ್ಧಗಳು ನಡೆದವು. 1973ರಲ್ಲಿ ಇತಿಹಾಸಕಾರ ಆರ್ಥರ್ ಷ್ಲೆಸಿಂಜರರು ‘ದಿ ಇಂಪೀರಿಯಲ್ ಪ್ರೆಸಿಡೆನ್ಸಿ’ ಎಂಬ ಗ್ರಂಥದಲ್ಲಿ ಈ ಬೆಳವಣಿಗೆಯನ್ನು ಚಕ್ರಾಧಿಪತ್ಯದ ಅಧ್ಯಕ್ಷತೆಯೆಂದು ಹೆಸರಿಸಿದರು. ಬಲಶಾಲಿಗಳಾದ ಅಧ್ಯಕ್ಷರನ್ನು ಹಿಂದೆ ಕೊಂಡಾಡಿದ್ದ ಲೇಖನಿಯಿಂದಲೇ ಈ ಎಚ್ಚರಿಕೆ ಬಂದಿತು. ಅಧ್ಯಕ್ಷರು ಕಿತ್ತುಕೊಂಡಷ್ಟೇ ಕಾಂಗ್ರೆಸ್ಸು ತಾನಾಗಿ ಬಿಟ್ಟುಕೊಟ್ಟಿತೆಂಬುದನ್ನೂ ಅವರು ಮರೆಮಾಚಲಿಲ್ಲ. ಗ್ರಂಥದ ಹೆಸರು ಮಾತ್ರ ಓದುಗನ ಗಮನವನ್ನು ಕಿತ್ತುಕೊಂಡವರ ಕಡೆಗೇ ಸೆಳೆಯುತ್ತದೆ.

ಅಂಕೆಗಳು ಬಿಟ್ಟುಕೊಟ್ಟವರ ಕಥೆಯನ್ನು ಹೇಳುತ್ತವೆ. 1964ರ ಆಗಸ್ಟಿನಲ್ಲಿ ಟಾಂಕಿನ್ ಕೊಲ್ಲಿಯ ನಿರ್ಣಯ ಅಧ್ಯಕ್ಷ ಜಾನ್ಸನ್ನನಿಗೆ ಆಗ್ನೇಯ ಏಷ್ಯದಲ್ಲಿ ಬಲಪ್ರಯೋಗದ ಸ್ವಾತಂತ್ರ್ಯ ಕೊಟ್ಟಾಗ ಪ್ರತಿನಿಧಿ ಸಭೆಯಲ್ಲಿ ಪರವಾಗಿ 416 ಮತಗಳು ಬಿದ್ದವು, ವಿರುದ್ಧವಾಗಿ ಒಂದೂ ಇಲ್ಲ. ಸೆನೇಟಿನಲ್ಲಿ 88ಕ್ಕೆ 2. 2001ರ ಸೆಪ್ಟೆಂಬರಿನ ಭಯೋತ್ಪಾದಕ ದಾಳಿಯ ನಂತರ ಬಲಪ್ರಯೋಗಕ್ಕೆ ಅನುಮತಿ ಕೊಟ್ಟ ನಿರ್ಣಯಕ್ಕೆ ಪ್ರತಿನಿಧಿ ಸಭೆಯಲ್ಲಿ 420ಕ್ಕೆ 1, ಸೆನೇಟಿನಲ್ಲಿ 98ಕ್ಕೆ 0. ಅದರ ಕಾರ್ಯಕಾರಿ ವಾಕ್ಯ ಸುಮಾರು 60 ಶಬ್ದಗಳದು, ಕಾಲಮಿತಿಯಿಲ್ಲ, ದೇಶಮಿತಿಯಿಲ್ಲ. ಎರಡೂ ಪಕ್ಷಗಳ ಅಧ್ಯಕ್ಷರು, 2001ರಲ್ಲಿ ಇನ್ನೂ ಹುಟ್ಟಿರದಿದ್ದ ಸಂಘಟನೆಗಳ ಮೇಲಿನ ಕಾರ್ಯಾಚರಣೆಗೂ ಅದೇ ವಾಕ್ಯವನ್ನು ಆಧಾರವಾಗಿ ತೋರಿಸಿದರು. ಇದು ಬಾಯಿ ಬಿಡದ ಮೌನವಲ್ಲ. ಒಮ್ಮೆ ಮಾತನಾಡಿ, ಆಮೇಲೆ ಎಂದೆಂದಿಗೂ ಮಾತನಾಡಬೇಕಾಗಿಲ್ಲದಂತೆ ಮಾಡಿಕೊಂಡ ಏರ್ಪಾಟು.

ಕಾಂಗ್ರೆಸ್ಸು ಎಚ್ಚರಗೊಂಡ ಕಾಲವೂ ಇತ್ತೆಂಬುದನ್ನು ನ್ಯಾಯವಾಗಿ ಹೇಳಬೇಕು. 1973ರ ನವೆಂಬರಿನಲ್ಲಿ ಅದು ಅಧ್ಯಕ್ಷ ನಿಕ್ಸನ್ನನ ವೀಟೋವನ್ನು ಮೀರಿ ಯುದ್ಧಾಧಿಕಾರದ ನಿರ್ಣಯವನ್ನು ಅಂಗೀಕರಿಸಿ, ಅನುಮತಿಯಿಲ್ಲದ ಯುದ್ಧಕ್ಕೆ 60 ದಿನಗಳ ಮಿತಿಯನ್ನು ಹಾಕಿತು. 1976ರಲ್ಲಿ ರಾಷ್ಟ್ರೀಯ ತುರ್ತುಪರಿಸ್ಥಿತಿಗಳ ಕಾನೂನನ್ನು ಮಾಡಿ, ಅಧ್ಯಕ್ಷನು ಘೋಷಿಸಿದ ತುರ್ತುಸ್ಥಿತಿಯನ್ನು ಎರಡೂ ಸದನಗಳ ನಿರ್ಣಯದಿಂದಲೇ ಕೊನೆಗಾಣಿಸುವ ಹಕ್ಕನ್ನು ತನ್ನಲ್ಲಿ ಇರಿಸಿಕೊಂಡಿತು. ಆದರೆ 1983ರಲ್ಲಿ ಸುಪ್ರೀಂ ಕೋರ್ಟು, ಅಧ್ಯಕ್ಷನ ಸಹಿಗೆ ಕಳುಹಿಸದ ಇಂತಹ ಶಾಸಕಾಂಗೀಯ ತಡೆಗಳು ರಾಜ್ಯಾಂಗಕ್ಕೆ ವಿರುದ್ಧವೆಂದು ಬೇರೊಂದು ಪ್ರಕರಣದಲ್ಲಿ ಸಾರಿತು. ಪರಿಣಾಮವಾಗಿ ತುರ್ತುಸ್ಥಿತಿಯನ್ನು ಮುಗಿಸುವ ನಿರ್ಣಯವೂ ಅಧ್ಯಕ್ಷನ ವೀಟೋಗೆ ಒಳಗಾಯಿತು; ಅಧ್ಯಕ್ಷನಿಗೆ ಕೊಡುವುದಕ್ಕೆ ಸಾಮಾನ್ಯ ಬಹುಮತ ಸಾಕು, ಹಿಂದಕ್ಕೆ ಪಡೆಯುವುದಕ್ಕೆ ಮೂರರಲ್ಲಿ ಎರಡು ಪಾಲು ಬೇಕು ಎಂಬಂತಾಯಿತು. 2019ರಲ್ಲಿ ಇದರ ಪರೀಕ್ಷೆ ನಡೆಯಿತು. ಗಡಿಯ ಗೋಡೆಗಾಗಿ ಟ್ರಂಪನು ಘೋಷಿಸಿದ ತುರ್ತುಸ್ಥಿತಿಯನ್ನು ಎರಡೂ ಸದನಗಳು ತಿರಸ್ಕರಿಸಿದವು. ಸೆನೇಟಿನಲ್ಲಿ ಮತ 59ಕ್ಕೆ 41. ಆತನು ವೀಟೋ ಮಾಡಿದನು. ಅದನ್ನು ಮೀರಲು ಪ್ರತಿನಿಧಿ ಸಭೆಯಲ್ಲಿ ಸಿಕ್ಕಿದುದು 248ಕ್ಕೆ 181, ಅಷ್ಟು ಸಾಲಲಿಲ್ಲ. ಇಲ್ಲಿ ಕಾಂಗ್ರೆಸ್ಸು ಸುಮ್ಮನಿರಲಿಲ್ಲ, ಮಾತನಾಡಿತು. ಆದರೆ ಅದರ ಮಾತಿಗೆ ಬಲವಿಲ್ಲದಂತಾಗಿತ್ತು. ಬಹುಕಾಲ ಮಾತನಾಡದಿದ್ದವನ ಕಂಠ ಅವಶ್ಯಕವಾದ ದಿನ ಕೆಲಸಕ್ಕೆ ಬಾರದೆ ಹೋಗುವುದುಂಟು.

7

ಇತ್ತೀಚಿನ ದಶಕಗಳಲ್ಲಿ ಪ್ರಬಲವಾಗಿರುವುದು ಅಖಂಡ ಕಾರ್ಯಾಂಗ ವಾದ. ಕಾರ್ಯಾಂಗದ ಅಧಿಕಾರವೆಲ್ಲ ಒಬ್ಬನಲ್ಲಿಯೇ ನೆಲೆಸಿರುವುದರಿಂದ ಅದರ ಪ್ರತಿಯೊಂದು ಅಂಗವೂ ಆತನ ಹತೋಟಿಯಲ್ಲಿರತಕ್ಕದ್ದೆಂಬುದು ಇದರ ಸಾರ. ಹ್ಯಾಮಿಲ್ಟನ್ನನ ಪ್ಯಾಸಿಫಿಕಸ್ ಲೇಖನಗಳೂ ಟಾಫ್ಟನ 1926ರ ತೀರ್ಪೂ ಇದರ ಪೂರ್ವಜರು. 1988ರಲ್ಲಿ ನ್ಯಾಯಮೂರ್ತಿ ಸ್ಕಲೀಯ ಒಬ್ಬರೇ ಬರೆದ ಭಿನ್ನಮತದ ತೀರ್ಪು ಇದರ ಹೊಸ ಪ್ರಣಾಳಿಕೆ. ಅಂದು ಏಳು ಜನರ ವಿರುದ್ಧ ಒಬ್ಬರದಾಗಿದ್ದ ದನಿ 2020ರ ಸೀಲಾ ಲಾ ತೀರ್ಪಿನ ವೇಳೆಗೆ ಬಹುಮತದ ದನಿಗೆ ಸಮೀಪವಾಯಿತು. ಈ ವಾದದ ಪರವಾಗಿ ಹೇಳಬೇಕಾದ ಮಾತೊಂದಿದೆ: ಹೊಣೆ ಒಬ್ಬನದಾದರೆ ತಪ್ಪಿಗೆ ಯಾರನ್ನು ಹಿಡಿಯಬೇಕೆಂಬುದು ಪ್ರಜೆಗೆ ತಿಳಿಯುತ್ತದೆ. ಆದರೆ ಹಿಡಿಯುವ ಉಪಾಯಗಳು ಉಳಿದಿದ್ದರೆ ಮಾತ್ರ ಆ ತಿಳಿವಳಿಕೆಯಿಂದ ಪ್ರಯೋಜನ.

ಇದೇ ಕಾರಣದಿಂದ 2024ರ ಜುಲೈ 1ರ ತೀರ್ಪು ವಿಚಾರಾರ್ಹವಾದುದು. ಮಾಜಿ ಅಧ್ಯಕ್ಷನನ್ನು ಪದವಿಯ ಕಾಲದ ಕೃತ್ಯಗಳಿಗಾಗಿ ಕ್ರಿಮಿನಲ್ ವಿಚಾರಣೆಗೆ ಗುರಿಪಡಿಸಬಹುದೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟು 6-3ರ ಬಹುಮತದಿಂದ ಉತ್ತರವಿತ್ತಿತು: ರಾಜ್ಯಾಂಗವು ಆತನಿಗೇ ಮೀಸಲಿಟ್ಟ ಅಧಿಕಾರಗಳ ವಿಷಯದಲ್ಲಿ ಸಂಪೂರ್ಣ ರಕ್ಷಣೆ, ಉಳಿದ ಅಧಿಕೃತ ಕೃತ್ಯಗಳಿಗೆ ಕನಿಷ್ಠಪಕ್ಷ ಪೂರ್ವಭಾವಿಯಾದ ರಕ್ಷಣೆ, ಖಾಸಗಿ ಕೃತ್ಯಗಳಿಗೆ ರಕ್ಷಣೆಯಿಲ್ಲ. ಕಾಂಗ್ರೆಸ್ಸಿಗೆ ಎದುರಾಗಿ ನಡೆಯುವ ಅಧ್ಯಕ್ಷನ ಹಕ್ಕು ಅಂತಿಮವೂ ಅನ್ಯರನ್ನು ಹೊರಗಿಡುವಂಥದೂ ಆಗಿರಬೇಕಾಗುತ್ತದೆ, ಆದುದರಿಂದಲೇ ಅದನ್ನು ಎಚ್ಚರಿಕೆಯಿಂದ ಪರೀಕ್ಷಿಸಬೇಕೆಂದು 1952ರಲ್ಲಿ ಜಾಕ್ಸನ್ನರು ಹೇಳಿದ್ದರು. ಅವರ ಆ ನುಡಿಗಟ್ಟನ್ನೇ ಬಹುಮತದ ತೀರ್ಪು ರಕ್ಷಣೆಗೆ ಆಧಾರವಾಗಿ ತೆಗೆದುಕೊಂಡಿತು. ಎಚ್ಚರಿಕೆಗಾಗಿ ಹೇಳಿದ ಮಾತು ಅಭಯವಾಯಿತು. ಸಿದ್ಧಾಂತದ ಮಾತುಗಳು ತಮ್ಮ ಸಂದರ್ಭವನ್ನು ಬಿಟ್ಟು ಎಷ್ಟು ದೂರ ನಡೆಯಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

8

ಭಾರತೀಯರಾದ ನಮಗೆ ಈ ಚರ್ಚೆ ಪರಕೀಯವಲ್ಲ. ಅಮೆರಿಕದ ಮಾದರಿಯನ್ನು ನಮ್ಮ ರಾಜ್ಯಾಂಗ ಸಭೆ ಕಂಡೂ ಬಿಟ್ಟಿತು. 1948ರ ನವೆಂಬರ್ 4ರಂದು ಕರಡು ರಾಜ್ಯಾಂಗವನ್ನು ಮಂಡಿಸುತ್ತ ಡಾ. ಅಂಬೇಡ್ಕರರು, ನಮ್ಮ ರಾಷ್ಟ್ರಪತಿಗೂ ಅಮೆರಿಕದ ಅಧ್ಯಕ್ಷನಿಗೂ ಹೆಸರಿನ ಹೊರತು ಸಾಮ್ಯವಿಲ್ಲವೆಂದು ವಿವರಿಸಿದರು. ಅಮೆರಿಕದ ಪದ್ಧತಿಯಲ್ಲಿ ಸ್ಥಿರತೆ ಹೆಚ್ಚು, ಹೊಣೆಗಾರಿಕೆ ಕಡಮೆ. ಸಂಸದೀಯ ಪದ್ಧತಿಯಲ್ಲಿ ಹೊಣೆಗಾರಿಕೆಯ ಪರೀಕ್ಷೆ ಚುನಾವಣೆಯ ಕಾಲದಲ್ಲಿ ಮಾತ್ರವಲ್ಲದೆ ದಿನದಿನವೂ ನಡೆಯುತ್ತದೆ. ಆದುದರಿಂದ ಕರಡು ಎರಡನೆಯದನ್ನು ಆರಿಸಿಕೊಂಡಿದೆ ಎಂಬುದು ಅವರ ವಾದ. ಅದೇ ಡಿಸೆಂಬರಿನಲ್ಲಿ ಪ್ರೊ. ಕೆ. ಟಿ. ಷಾ ಅವರು ಅಧಿಕಾರಗಳ ಸಂಪೂರ್ಣ ವಿಭಜನೆಯನ್ನು ಸೂಚಿಸಿದಾಗ, ಮೈಸೂರಿನ ಪ್ರತಿನಿಧಿಯಾಗಿದ್ದ ಕೆಂಗಲ್ ಹನುಮಂತಯ್ಯನವರು ಅದನ್ನು ವಿರೋಧಿಸಿ ಮಾತನಾಡಿದರು. ಮೂರು ಅಂಗಗಳನ್ನು ಪೂರ್ತಿಯಾಗಿ ಬೇರ್ಪಡಿಸಿದರೆ ಅವುಗಳ ನಡುವೆ ಕಲಹ ತಪ್ಪದು. ನಮಗೆ ಬೇಕಾದುದು ಕಲಹವಲ್ಲ, ಸಾಮರಸ್ಯ ಎಂಬುದು ಅವರ ಮಾತಿನ ತಾತ್ಪರ್ಯ.

ಹೊಸದಾಗಿ ಸ್ವತಂತ್ರವಾದ ದೇಶದಲ್ಲಿ ಆ ಭಯ ಸಹಜವಾಗಿತ್ತು. ಆದರೆ ಅಮೆರಿಕದ ಇತಿಹಾಸವನ್ನು ಇಂದು ನಿಂತು ನೋಡಿದರೆ ಅಲ್ಲಿಯ ಕೇಡು ಹೆಚ್ಚಾಗಿ ಬಂದುದು ಕಲಹದಿಂದಲ್ಲ, ಕಲಹ ಬೇಕಾದೆಡೆಯಲ್ಲಿ ಅದು ಇಲ್ಲದಿದ್ದುದರಿಂದ. 416-0 ಎಂಬ ಮತ ಪರಿಪೂರ್ಣ ಸಾಮರಸ್ಯವೇ. ಸಾಮರಸ್ಯವನ್ನೇ ಬಯಸಿದ ನಮ್ಮ ಪದ್ಧತಿಯೂ ಈ ದೋಷದಿಂದ ಮುಕ್ತವಾಗಿರಲಿಲ್ಲ. 1975ರ ಜೂನ್ 25ರ ರಾತ್ರಿಯ ತುರ್ತುಪರಿಸ್ಥಿತಿಯ ಘೋಷಣೆ ಮಂತ್ರಿಮಂಡಲಕ್ಕೆ ತಿಳಿದುದು ಮರುದಿನ ಬೆಳಗ್ಗೆ. ಜುಲೈ ತಿಂಗಳಲ್ಲಿ ವಿರೋಧಪಕ್ಷದ ಹಲವು ಸದಸ್ಯರು ಸೆರೆಯಲ್ಲಿರುವಾಗಲೇ ಸಂಸತ್ತಿನ ಎರಡೂ ಸದನಗಳು ಅದನ್ನು ಅನುಮೋದಿಸಿದವು. ಮಂತ್ರಿಮಂಡಲದ ತೀರ್ಮಾನವನ್ನು ಲಿಖಿತವಾಗಿ ತಿಳಿಸದ ಹೊರತು ರಾಷ್ಟ್ರಪತಿ ಅಂತಹ ಘೋಷಣೆ ಮಾಡಕೂಡದೆಂಬ ನಿಯಮ 1978ರ ನಾಲ್ವತ್ತನಾಲ್ಕನೆಯ ತಿದ್ದುಪಡಿಯಿಂದ ಬಂದಿತು.

ಆದುದರಿಂದ ಅಧ್ಯಕ್ಷಾಧಿಕಾರದ ಸಿದ್ಧಾಂತಗಳನ್ನು ಓದುವಾಗ ನಾವು ಕೇಳತಕ್ಕ ಪ್ರಶ್ನೆ ಅಧ್ಯಕ್ಷನಿಗೆ ಎಷ್ಟು ಅಧಿಕಾರವಿದೆ ಎಂಬುದೊಂದೇ ಅಲ್ಲ. ಆತನು ಹೆಜ್ಜೆಯಿಟ್ಟ ದಿನ ಮಾತನಾಡಬೇಕಾದವರು ಯಾರು, ಅವರೇಕೆ ಸುಮ್ಮನಿದ್ದರು, ಮಾತನಾಡುವ ಬಲವನ್ನು ಉಳಿಸಿಕೊಂಡಿದ್ದರೇ ಎಂದು ಸಹ ಕೇಳಬೇಕು. ಲಾಕ್, ಹ್ಯಾಮಿಲ್ಟನ್, ಟಾಫ್ಟ್, ನ್ಯೂಸ್ಟಾಟ್ ಇವರಿಂದ ಕಲಿಯತಕ್ಕದ್ದು ಬಹಳವಿದೆ. ಆದರೂ ಈ ಕೊನೆಯ ಪ್ರಶ್ನೆಗೆ ಅವರಲ್ಲಿ ತೃಪ್ತಿಕರವಾದ ಉತ್ತರವಿಲ್ಲ. 1787ರ ಆ ಜೂನ್ ದಿನ ಸಭೆ ಮೌನವಾಗಿದ್ದಾಗ, ಮತಕ್ಕೆ ಹಾಕುವ ಮೊದಲು ಮಾತನಾಡಿರೆಂದು ಬೇಡಿಕೊಂಡ ಆ ವೃದ್ಧನಿಗೆ ವಿಷಯದ ಮರ್ಮ ಗೊತ್ತಿತ್ತೆಂದು ತೋರುತ್ತದೆ.